ಅಂಗಡಿಯವನ ಮೌನ

ನಮ್ಮ ತಾತನವರು ಗುಬ್ಬಿಯ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಅವರಿಂದ ನನಗೆ ಬಂದ ಆಸ್ತಿಯೆಂದರೆ ತಗಡಿನ ಒಂದು ಪೆಟ್ಟಿಗೆ, ಜೊತೆಗೆ ಒಂದು ಚಟ. ಯಾರಿಗೆ ಕಾಗದ ಬರೆದರೂ ಅದರ ನಕಲನ್ನು ಇಟ್ಟುಕೊಳ್ಳುವ ಚಟ. ಅದು ಎಂದಾದರೂ ಉಪಯೋಗಕ್ಕೆ ಬಂದೀತೆಂದು ನಾನು ಭಾವಿಸಿರಲಿಲ್ಲ.

2021ರ ಬೇಸಗೆಗೆ ಮುಂಚೆ, ಕುಣಿಗಲಿನ ನಮ್ಮ ಮನೆಗೆ ಬೆಂಗಳೂರಿನ ಅಂಗಡಿಯೊಂದರಿಂದ ಒಂದು ಫ್ರಿಜ್ಜನ್ನು ತರಿಸಿದೆ. ಷೋಕಿಗಲ್ಲ, ಅಮ್ಮನ ಇನ್ಸುಲಿನ್ ಇಡುವುದಕ್ಕೆ. ಹನ್ನೊಂದು ದಿನ ತಣ್ಣಗಿದ್ದು ಹನ್ನೆರಡನೆಯ ದಿನ ಅದು ಬರಿಯ ಬೀರುವಾಯಿತು. ಫೋನು ಮಾಡಿದರೆ ‘ಆಳು ಕಳಿಸುತ್ತೇವೆ’ ಎಂಬ ಉತ್ತರ. ಆಮೇಲೆ ಆ ಉತ್ತರವೂ ನಿಂತಿತು. ರಿಜಿಸ್ಟರ್ ಅಂಚೆಯಲ್ಲಿ ಮೂರು ಕಾಗದ ಬರೆದೆ. ಮೂರಕ್ಕೂ ಅಂಗಡಿಯ ಮೊಹರು ಬಿದ್ದ ಸ್ವೀಕೃತಿ ಚೀಟಿ ಬಂತೇ ಹೊರತು ಉತ್ತರ ಬರಲಿಲ್ಲ. ಅಮ್ಮ ಮಾತ್ರ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ ಔಷಧದ ಸೀಸೆಯನ್ನಿಟ್ಟು ದಿನ ದೂಡುತ್ತಿದ್ದರು.

ಬಯ್ದರೆ ತಿರುಗಿ ಬಯ್ಯಬಹುದು. ಮೌನಕ್ಕೆ ಏನು ಮಾಡುವುದು? ನಮ್ಮ ಹಿಂದಿನವರು ಏನು ಮಾಡುತ್ತಿದ್ದರೆಂದು ಹುಡುಕಹೊರಟದ್ದು ಆಗಲೇ.

ವ್ಯಾಪಾರ ನಮ್ಮ ಸೀಮೆಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಪೇಟೆಯನ್ನೂ ಅದರ ವಾರದ ಸಂತೆಯನ್ನೂ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. ಸಂತೆಯಲ್ಲಿ ಮೋಸ ಹೋದವನಿಗೆ ಒಂದು ಅನುಕೂಲವಿತ್ತು: ಮಾರಿದವನು ಮುಂದಿನ ವಾರ ಅದೇ ಮರದಡಿಗೆ ಬರಲೇಬೇಕು. ನಾಲ್ಕು ಜನರ ಮುಂದೆ ಅವನ ತಕ್ಕಡಿಯನ್ನು ಎತ್ತಿ ಹಿಡಿದರೆ ಅದೇ ದೂರು, ಅದೇ ತೀರ್ಪು. ಹಾಗೆಂದು ಹಿಂದಿನವರೆಲ್ಲ ಧರ್ಮರಾಯರೆಂದು ತಿಳಿಯಬಾರದು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದ ಕಂಟಕಶೋಧನದ ಭಾಗದಲ್ಲಿ ವರ್ತಕರಿಂದ ಪ್ರಜೆಗಳನ್ನು ಕಾಪಾಡುವುದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಕಳ್ಳ ತೂಕಕ್ಕೂ ಕಳಪೆ ಮಾಲಿಗೂ ದಂಡ ವಿಧಿಸಿ, ಸ್ವದೇಶದ ಸರಕಿಗೆ ನೂರಕ್ಕೆ 5, ಪರದೇಶದ್ದಕ್ಕೆ 10 ಎಂದು ಲಾಭವನ್ನೂ ಕಟ್ಟಿಹಾಕಿದ್ದಾನೆ. ರೋಗವಿಲ್ಲದ ಊರಿಗೆ ಯಾರಾದರೂ ಮದ್ದು ಅರೆಯುತ್ತಾರೆಯೇ!

ಅಂಗಡಿಯವನು ದೂರದವನಾದಾಗ ಕಷ್ಟ ಮೊದಲಾಯಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ತಾಲ್ಲೂಕು ತಾಲ್ಲೂಕಿನಿಂದ ರೈತರೂ ವರ್ತಕರೂ ಬಂದರು. ಮೊದಲ ಸಭೆಗೆ ಬಂದವರು 144 ಜನ. ಅಹವಾಲನ್ನು ಬಾಯಿಬಿಟ್ಟು ಹೇಳುವ ಜಾಗವೊಂದು ಸಿಕ್ಕಿತೆಂಬುದು ಸಣ್ಣ ಮಾತಲ್ಲ. ಆದರೆ ಅಲ್ಲಿ ಹೇಳುತ್ತಿದ್ದುದು ಸರ್ಕಾರಕ್ಕೆ. ಕೇಳಿದ ಸರ್ಕಾರ ಒಪ್ಪಬಹುದು, ಬಿಡಬಹುದು. ವರ್ತಕನ ಮೇಲಿನ ದೂರಿಗೆ ಸಿವಿಲ್ ನ್ಯಾಯಾಲಯವೇ ಗತಿ, ಅಲ್ಲಿ ಸ್ಟಾಂಪು, ವಕೀಲರು, ವಾಯಿದೆ. ಸಾಲದ್ದಕ್ಕೆ ಬ್ರಿಟಿಷ್ ಇಂಡಿಯಾದ 1930ರ ಸರಕು ಮಾರಾಟದ ಕಾಯ್ದೆಯ ಮೂಲಭಾವನೆಯೇ ‘ಕೊಳ್ಳುವವನೇ ನೋಡಿ ಕೊಳ್ಳಲಿ’ ಎಂಬುದು. ಅದಕ್ಕೆ ಕೆಲವು ವಿನಾಯಿತಿಗಳಿದ್ದವು, ನಿಜ. ಫ್ರಿಜ್ಜಿನ ಹೊಟ್ಟೆಯೊಳಗೆ ನಾನು ಏನನ್ನು ತಾನೇ ನೋಡಲಿ?

ಈ ಭಾವನೆಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಒಂದು ಬಸವನಹುಳುವಿನಿಂದ. 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಎಂಬ ಊರಿನಲ್ಲಿ ಹೆಂಗಸೊಬ್ಬರು ಶುಂಠಿ ಪಾನೀಯ ಕುಡಿಯುತ್ತಿದ್ದಾಗ ಸೀಸೆಯೊಳಗಿಂದ ಕೊಳೆತ ಹುಳು ಬಂತೆಂದು ದಾವೆ ಹೂಡಿದರು. ಸೀಸೆಗೆ ಹಣ ಕೊಟ್ಟವರು ಅವರ ಸ್ನೇಹಿತೆ. ಹಾಗಿದ್ದರೂ ತಯಾರಕನು ಕುಡಿಯುವವರಿಗೆ ಹೊಣೆಗಾರನೇ ಎಂದು 1932ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಮೂವತ್ತು ವರ್ಷದ ಮೇಲೆ, 1962ರ ಮಾರ್ಚ್ 15ರಂದು, ಕೆನಡಿಯವರು ಅಮೆರಿಕದ ಸಂಸತ್ತಿಗೆ ಕಳಿಸಿದ ಸಂದೇಶದಲ್ಲಿ ಬಳಕೆದಾರನ ಹಕ್ಕುಗಳನ್ನು ಎಣಿಸಿದರು. ತನ್ನ ಮಾತನ್ನು ಕೇಳಿಸಿಕೊಳ್ಳಬೇಕೆಂಬುದೂ ಅವುಗಳಲ್ಲಿ ಒಂದು. ನಮ್ಮಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಯಾದದ್ದು 1986ರಲ್ಲಿ. ಜಿಲ್ಲೆಗೊಂದು ವೇದಿಕೆ ಹುಟ್ಟಿತು. ವಕೀಲರಿಲ್ಲದೆಯೂ ವಾದಿಸಬಹುದಾಯಿತು.

ಆದರೂ ಆ ಕಾಯ್ದೆಯಲ್ಲಿ ಕುಣಿಗಲಿನವರಿಗೆ ಒಂದು ತೊಡಕಿತ್ತು. ಅಂಗಡಿಯಿರುವ ಕಡೆ, ಇಲ್ಲವೆ ವ್ಯಾಜ್ಯ ಹುಟ್ಟಿದ ಕಡೆ ದೂರಬೇಕಾಗಿತ್ತು. ಬೆಂಗಳೂರಿನಲ್ಲಿ ಕೊಂಡವನು ವಾಯಿದೆ ವಾಯಿದೆಗೂ ಬೆಂಗಳೂರಿನ ಬಸ್ಸು ಹತ್ತಬೇಕು. 2019ರ ಹೊಸ ಕಾಯ್ದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ದೂರುವವನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರಬಹುದಾಯಿತು. ಸಂತೆಯ ಮರದಡಿಗೆ ಅಂಗಡಿಯವನನ್ನು ಮತ್ತೆ ಕರೆಸಿದಂತಾಯಿತಲ್ಲವೇ?

ಹೀಗೆ ನಾನು ತುಮಕೂರಿಗೆ ಹೋದೆ. ಐದು ಲಕ್ಷದೊಳಗಿನ ಬೆಲೆಯ ಸರಕಿನ ದೂರಿಗೆ ಶುಲ್ಕವಿಲ್ಲ; ಎರಡು ವರ್ಷದೊಳಗೆ ದೂರಬೇಕು. ರಸೀತಿ, ವಾರಂಟಿ ಕಾರ್ಡು, ಮೂರು ಕಾಗದಗಳ ನಕಲು, ಮೂರು ಸ್ವೀಕೃತಿ ಚೀಟಿ, ಇಷ್ಟನ್ನೂ ಲಗತ್ತಿಸಿದೆ. ‘ಕೃಪೆಮಾಡಿ ದಯಪಾಲಿಸಬೇಕು’ ಎಂದು ಅಭ್ಯಾಸಬಲದಿಂದ ಬರೆದಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಓದಿ, “ಇದೇನ್ ಸ್ವಾಮಿ, ಭಿಕ್ಷೆ ಕೇಳ್ತಿದೀರಾ?” ಎಂದರು. ಹೊಡೆದುಹಾಕಿದೆ.

ಈ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮೌನಕ್ಕೆ ಅದು ಹಾಕಿರುವ ಗಡುವು. ದೂರಿನ ಪ್ರತಿ ಕೈಸೇರಿದ ಮೇಲೆ ಎದುರಾಳಿ 30 ದಿನದೊಳಗೆ ಉತ್ತರ ಕೊಡಬೇಕು. ಹೆಚ್ಚೆಂದರೆ ಇನ್ನು 15 ದಿನ. ಅದಕ್ಕೂ ಮೀರಿ ಅವಧಿ ಕೊಡುವಂತಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚ್‌ನಲ್ಲಿ ಖಚಿತಪಡಿಸಿತು. ಆಮೇಲೂ ಸುಮ್ಮನಿದ್ದರೆ ದೂರಿದವನ ದಾಖಲೆಗಳ ಮೇಲೆಯೇ ವಿಚಾರಣೆ ಸಾಗುತ್ತದೆ. ಸುಮ್ಮನಿದ್ದು ಗೆಲ್ಲುವ ದಾರಿ ಮುಚ್ಚಿದಂತೆ. ಆದರೆ ಕಾಯ್ದೆ ಹೇಳುವ ಮೂರು ತಿಂಗಳಲ್ಲಿ ಎಲ್ಲ ದೂರುಗಳೂ ತೀರುತ್ತವೆಂದು ಯಾರೂ ನಂಬಬೇಕಾಗಿಲ್ಲ. ಅಲ್ಲಿನ ಬೆಂಚಿನ ಮೇಲೆ ನನಗಿಂತ ಹಳಬರಿದ್ದರು.

ನಲವತ್ತೊಂದನೆಯ ದಿನ ಅಂಗಡಿಯಿಂದ ಫೋನು ಬಂತು. ಅಷ್ಟು ತಿಂಗಳಲ್ಲಿ ಅವರಾಗಿ ಮಾಡಿದ ಮೊದಲ ಫೋನು. ರಾಜಿಯಾಯಿತು, ಹೊಸ ಫ್ರಿಜ್ಜು ಬಂತು. ಕಾಗದಗಳೆಲ್ಲ ತಾತನ ಪೆಟ್ಟಿಗೆ ಸೇರಿದವು. ಔಷಧವನ್ನು ಒಳಗಿಡುವಾಗ ಮಡಕೆಯನ್ನು ಹಿತ್ತಲಿಗೆ ಹಾಕಲೇ ಎಂದು ಅಮ್ಮನನ್ನು ಕೇಳಿದೆ. “ಅದು ಅಲ್ಲೇ ಇರ್ಲಿ ಕಣಪ್ಪ, ಹನ್ನೆರಡು ದಿನ ಆಗ್ಲಿ” ಎಂದರು.