ವಿಶ್ವಕೋಶದಲ್ಲಿ ಕಾಣದ ಹೆಸರುಗಳು

ಬ್ರಿಟಾನಿಕಾ ವಿಶ್ವಕೋಶದ ಸುಪ್ರಸಿದ್ಧ 11ನೆಯ ಆವೃತ್ತಿ ಹೊರಬಿದ್ದುದು 1910-11ರಲ್ಲಿ. ಅದರ 29 ಸಂಪುಟಗಳನ್ನು ಜಾಲಾಡಿದರೂ ಮೇರಿ ಕ್ಯೂರಿಯವರ ಮೇಲೆ ಒಂದು ಲೇಖನವಿಲ್ಲವೆಂದರೆ ವಾಚಕರಿಗೆ ಸೋಜಿಗವಾದೀತು. 1903ರಲ್ಲೇ ನೊಬೆಲ್ ಬಹುಮಾನ ಪಡೆದಿದ್ದ ಆ ವಿದುಷಿಯ ಪ್ರಸ್ತಾಪ ಬರುವುದು ಪತಿ ಪಿಯರ್ ಕ್ಯೂರಿಯವರ ಲೇಖನದೊಳಗೆ! ಸುಮಾರು 1,500 ಲೇಖಕರಲ್ಲಿ ಮಹಿಳೆಯರು 35ರ ಆಸುಪಾಸು ಮಾತ್ರ. ಕಚೇರಿಯಲ್ಲಿ ಕುಳಿತು, ಹೆಸರಿಲ್ಲದೆ, ನೂರಾರು ಲೇಖನಗಳನ್ನು ಬರೆದುಕೊಟ್ಟ ಹೆಂಗಸರು ಈ ಲೆಕ್ಕಕ್ಕೆ ಸೇರಲಿಲ್ಲ.

2001ರ ಜನವರಿಯಲ್ಲಿ ವಿಕಿಪೀಡಿಯ ಹುಟ್ಟಿತು. 2003ರಲ್ಲಿ ಕನ್ನಡದಲ್ಲೂ ಆರಂಭವಾಯಿತು. ಪಂಡಿತ ಮಂಡಳಿಯ ಅಪ್ಪಣೆ ಬೇಡ, ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಇನ್ನೇನು ಬೇಕು? ಆದರೆ 2008ರಲ್ಲಿ ನಡೆದ ಸಮೀಕ್ಷೆಯಲ್ಲಿ ಬರೆಯುವವರ ಪೈಕಿ ಮಹಿಳೆಯರು ಶೇಕಡಾ 13ರ ಆಸುಪಾಸಿನಲ್ಲಿದ್ದರು. ಬಾಗಿಲು ತೆರೆದಿದ್ದರೆ ಸಾಲದು, ಬರಲು ಬಿಡುವೂ ಬೇಕಷ್ಟೆ. ಮನೆಗೆಲಸ ಮುಗಿಸಿ ಬರೆದದ್ದನ್ನು ಅಪರಿಚಿತನೊಬ್ಬ ಕ್ಷಣದಲ್ಲಿ ಅಳಿಸಿ ವಾದಕ್ಕಿಳಿದರೆ ಎಷ್ಟು ಮಂದಿ ಮರಳಿ ಬಂದಾರು?

ಇನ್ನೊಂದು ತೊಡಕು 'ಗಮನಾರ್ಹತೆ'ಯ ನಿಯಮ. ವ್ಯಕ್ತಿಯ ಬಗ್ಗೆ ಬೇರೆಯವರು ಬರೆದು ಪ್ರಕಟಿಸಿದ ಆಧಾರವಿದ್ದರೆ ಮಾತ್ರ ಲೇಖನ ನಿಲ್ಲುತ್ತದೆ. ನಿಯಮ ನ್ಯಾಯವಾದದ್ದೇ, ಅದಿಲ್ಲದಿದ್ದರೆ ಸುಳ್ಳಿಗೆ ಮಿತಿಯಿರದು. ಆದರೆ ಪತ್ರಿಕೆಗಳೇ ಹೆಂಗಸರ ಬಗ್ಗೆ ಕಡಿಮೆ ಬರೆದಿದ್ದರೆ ಆಧಾರವನ್ನು ಎಲ್ಲಿಂದ ತರುವುದು? ಕೆನಡದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಮೇಲಿನ ಕರಡು ಲೇಖನವನ್ನು ಇಂಗ್ಲಿಷ್ ವಿಕಿಪೀಡಿಯ 2018ರ ಮೇ ತಿಂಗಳಲ್ಲಿ ಇದೇ ಕಾರಣದಿಂದ ತಿರಸ್ಕರಿಸಿತು. ಅಕ್ಟೋಬರ್ 2ರಂದು ಅವರಿಗೆ ಭೌತವಿಜ್ಞಾನದ ನೊಬೆಲ್ ಬಂತು. ಲೇಸರ್ ಸಂಶೋಧನೆಯಲ್ಲಿ ಅವರ ಜೊತೆಗಾರರಾಗಿದ್ದು ಬಹುಮಾನ ಹಂಚಿಕೊಂಡ ಜೆರಾರ್ ಮೂರೂ ಅವರ ಮೇಲೆ ಲೇಖನ ಮೊದಲೇ ಇತ್ತು. ಒಂದು ಶತಮಾನ ಕಳೆದರೂ ಹಳೆಯ ಕಥೆಯೇ!

ಈ ಕೊರತೆ ನೀಗಲು ಹೊರಟವರೂ ಇದ್ದಾರೆ. ವಿಕಿಪೀಡಿಯದಲ್ಲಿ ಲೇಖನವಿರುವ ಹೆಸರು ನೀಲಿ, ಇಲ್ಲದ್ದು ಕೆಂಪು. ಆ ಕೆಂಪು ಹೆಸರುಗಳನ್ನು ಪಟ್ಟಿಮಾಡಿ ನೀಲಿಯಾಗಿಸುವ 'ವಿಮೆನ್ ಇನ್ ರೆಡ್' ಯೋಜನೆ 2015ರಲ್ಲಿ ಮೊದಲಾಯಿತು. ಆಗ ಇಂಗ್ಲಿಷ್ ಆವೃತ್ತಿಯ ಜೀವನಚರಿತ್ರೆಗಳಲ್ಲಿ ಮಹಿಳೆಯರವು ಶೇಕಡಾ 15ರಷ್ಟು, ಇಂದು 20ರ ಆಸುಪಾಸು. ಜೊತೆಗೆ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ಸಂಪಾದನೋತ್ಸವಗಳೂ ನಡೆಯುತ್ತಿವೆ. ನಡಿಗೆ ನಿಧಾನ, ಆದರೆ ನಿಂತಿಲ್ಲ.

ದೂರದವರ ಮಾತು ಇರಲಿ. ಹೊರನಾಡ ಕನ್ನಡ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳನ್ನು ತೆರೆದರೆ ಪದಾಧಿಕಾರಿಗಳ, ನಾಟಕದ ಪಾತ್ರಧಾರಿಗಳ ಹೆಸರು ಭಾವಚಿತ್ರ ಸಮೇತ ಸಿಗುತ್ತವೆ. ಭಾನುವಾರಗಳಲ್ಲಿ ನಮ್ಮ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದವರು ಮಾತ್ರ ಎಷ್ಟೋ ಸಲ 'ಮಹಿಳಾ ವಿಭಾಗದವರು' ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತಾರೆ. ನಾಳೆ ಯಾರಾದರೂ ಅವರ ಬಗ್ಗೆ ಬರೆಯಹೊರಟರೆ ಅಚ್ಚಿನ ಆಧಾರವೇ ಇಲ್ಲ. ಅವರಲ್ಲಿ ಕೆಲವರು ಈಗಲೂ ನಮ್ಮ ಸಭೆಗಳಿಗೆ ಬರುತ್ತಾರೆ. ಹೆಸರು, ಊರು, ಕಲಿಸಿದ ವರ್ಷಗಳನ್ನು ಕೇಳಿ ಬರೆದುಕೊಳ್ಳಲು ನಮಗೆ ಅಡ್ಡಿಯೇನೂ ಇಲ್ಲ.