ಸಮ್ಮೋಹನ: ಅನುಭವ ನಿಜ, ನೆನಪೂ ನಿಜವೇ?

ಸಮ್ಮೋಹನ ಎಂದೊಡನೆ ಬಹುತೇಕರ ಕಣ್ಮುಂದೆ ಬರುವುದು ಜಾದೂ ವೇದಿಕೆ ಮತ್ತು ತೂಗಾಡುವ ಗಡಿಯಾರ. ಅದನ್ನು ವಶೀಕರಣವೆಂದೇ ಭಾವಿಸಿ ಹೆದರುವವರೂ ಉಂಟು. ವಾಸ್ತವದಲ್ಲಿ ಇದು ನಿದ್ರೆಯಲ್ಲ, ಪ್ರಜ್ಞಾಹೀನತೆಯೂ ಅಲ್ಲ. ಗಮನವು ಒಂದೇ ವಿಷಯದಲ್ಲಿ ನೆಲೆನಿಂತು, ಸುತ್ತಲಿನ ಅರಿವು ಹಿಂದೆ ಸರಿದು, ಸೂಚನೆಗಳಿಗೆ ಮನಸ್ಸು ಸುಲಭವಾಗಿ ಸ್ಪಂದಿಸುವ ಸ್ಥಿತಿಯೇ ಸಮ್ಮೋಹನ. ಈ ಸ್ಥಿತಿಯಲ್ಲಿ ಆಗುವ ಅನುಭವ ನೈಜ. ಆದರೆ ಆಗ ಮೂಡುವ ನೆನಪು ಸತ್ಯಕ್ಕೆ ಸಾಕ್ಷಿಯಾಗಬಲ್ಲುದೇ ಎಂಬುದು ಬೇರೆಯೇ ಪ್ರಶ್ನೆ.

ಗೋವಾದ ಪಾದ್ರಿ

18ನೇ ಶತಮಾನದ ಉತ್ತರಾರ್ಧದಲ್ಲಿ ವೈದ್ಯ ಫ್ರಾಂಜ್ ಮೆಸ್ಮರ್, ದೇಹದಲ್ಲಿ ಹರಿಯುವ ಒಂದು ಬಗೆಯ ಕಾಂತದ್ರವದಿಂದ ರೋಗಗಳನ್ನು ಗುಣಪಡಿಸುವುದಾಗಿ ಹೇಳಿ ಪ್ಯಾರಿಸ್‌ನಲ್ಲಿ ಪ್ರಸಿದ್ಧನಾಗಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಆಯೋಗವು ಅಂತಹ ದ್ರವಕ್ಕೆ ಆಧಾರವಿಲ್ಲ, ಪರಿಣಾಮಕ್ಕೆ ಕಲ್ಪನೆಯೇ ಕಾರಣ ಎಂದು ತೀರ್ಮಾನಿಸಿತು. ಬೆಂಜಮಿನ್ ಫ್ರಾಂಕ್ಲಿನ್ ಹಾಗೂ ರಸಾಯನ ವಿಜ್ಞಾನಿ ಲವಾಸಿಯೆ ಆ ಆಯೋಗದಲ್ಲಿದ್ದರು.

ಈ ಚರ್ಚೆಗೆ ಹೊಸ ತಿರುವು ನೀಡಿದವರು ನಮ್ಮ ನೆರೆಯ ಗೋವಾದವರು. ಕಾಂದೋಳಿಯಲ್ಲಿ 1756ರಲ್ಲಿ ಜನಿಸಿದ ಪಾದ್ರಿ ಅಬ್ಬೆ ಫಾರಿಯಾ, ಯುವಕನಾಗಿದ್ದಾಗ ಪೋರ್ಚುಗಲ್ ರಾಣಿಯ ಮುಂದೆ ಪ್ರವಚನ ನೀಡಲು ನಿಂತು ಮಾತು ಹೊರಡದೆ ತಡವರಿಸಿದರಂತೆ. ಆಗ ಜೊತೆಗಿದ್ದ ತಂದೆ, ಎದುರಿಗಿರುವವರೆಲ್ಲ ಬರೀ ತರಕಾರಿ, ಕೊಚ್ಚಿಹಾಕು ಎಂದು ಕೊಂಕಣಿಯಲ್ಲಿ ಪಿಸುಗುಟ್ಟಿದರಂತೆ. ಕ್ಷಣಮಾತ್ರದಲ್ಲಿ ಭಯ ಮಾಯವಾಗಿ ಮಾತು ಹರಿಯಿತು ಎಂಬುದು ಗೋವಾದಲ್ಲಿ ಪ್ರಚಲಿತವಿರುವ ಕಥೆ.

ಮುಂದೆ 1813ರಿಂದ ಪ್ಯಾರಿಸ್‌ನಲ್ಲಿ ಪ್ರಯೋಗಗಳನ್ನು ತೋರಿಸಿದ ಫಾರಿಯಾ, ಯಾವ ದ್ರವವೂ ಇಲ್ಲ, ಶಕ್ತಿಯಿರುವುದು ಸಮ್ಮೋಹಕನಲ್ಲಲ್ಲ, ಒಳಗಾಗುವವನ ಮನಸ್ಸಿನಲ್ಲೇ ಎಂದು ಪ್ರತಿಪಾದಿಸಿದರು. ಅವರು 1819ರಲ್ಲಿ ನಿಧನರಾದರು. ಪಣಜಿಯಲ್ಲಿ ಅವರ ಪ್ರತಿಮೆಯಿದೆ.

1843ರಲ್ಲಿ ಮ್ಯಾಂಚೆಸ್ಟರ್‌ನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ ಪ್ರಕಟಿಸಿದ ಗ್ರಂಥದಿಂದ ಹಿಪ್ನಾಟಿಸಂ ಎಂಬ ಪದ ಪ್ರಚಾರಕ್ಕೆ ಬಂತು. ಗ್ರೀಕ್ ಭಾಷೆಯಲ್ಲಿ ಹಿಪ್ನೋಸ್ ಎಂದರೆ ನಿದ್ರೆ. ಇದು ನಿದ್ರೆಯಲ್ಲವೆಂದು ಮನಗಂಡ ಬ್ರೇಡ್ ಆ ಹೆಸರನ್ನು ಬದಲಿಸಲು ಯತ್ನಿಸಿದರೂ, ಅಷ್ಟರಲ್ಲಿ ಅದು ಜನಜನಿತವಾಗಿತ್ತು.

ಒಳಗಾದವರ ಅನುಭವ

ಸಮ್ಮೋಹನಕ್ಕೆ ಒಳಗಾದವರು ಹೇಳುವ ಅನುಭವಗಳಲ್ಲಿ ಸಾಮ್ಯವಿದೆ. ಕೈಕಾಲು ಭಾರವಾಗುವುದು ಅಥವಾ ತೇಲಿದಂತಾಗುವುದು, ಅರ್ಧ ಗಂಟೆ ಕೆಲವೇ ನಿಮಿಷಗಳಂತೆ ತೋರುವುದು, ಹೊರಗಿನ ಸದ್ದು ಕೇಳಿದರೂ ಅದಕ್ಕೂ ತಮಗೂ ಸಂಬಂಧವಿಲ್ಲವೆನಿಸುವುದು ಸಾಮಾನ್ಯ. ಕೈ ಹಗುರವಾಗಿ ಮೇಲೇಳುತ್ತಿದೆ ಎಂದು ಸೂಚಿಸಿದಾಗ, ತಾವು ಎತ್ತದಿದ್ದರೂ ಕೈ ತಾನಾಗಿಯೇ ಎದ್ದಿತು ಎನ್ನುವವರಿದ್ದಾರೆ. ಒಳ್ಳೆಯ ಸಂಗೀತದಲ್ಲೋ ಕಾದಂಬರಿಯಲ್ಲೋ ಮೈಮರೆತವರಿಗೆ ಇದರ ಸಮೀಪದ ಅನುಭವ ಅಪರಿಚಿತವೇನಲ್ಲ.

ಎಲ್ಲರೂ ಸಮಾನವಾಗಿ ಸ್ಪಂದಿಸುವುದಿಲ್ಲ. ಇದನ್ನು ಅಳೆಯಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ 12 ಪರೀಕ್ಷೆಗಳ ಮಾಪಕವೊಂದನ್ನು ರೂಪಿಸಲಾಯಿತು. ಕೆಲವರು ಬಹು ಬೇಗ ಒಳಗಾಗುತ್ತಾರೆ, ಕೆಲವರ ಮೇಲೆ ಪರಿಣಾಮವೇ ಆಗದು, ಹೆಚ್ಚಿನವರು ಇವೆರಡರ ನಡುವೆ ಇರುತ್ತಾರೆ.

ನೋವಿಗೆ ಉಪಶಮನ

ಅರಿವಳಿಕೆ ಔಷಧಗಳು ಬಳಕೆಗೆ ಬರುವ ಮುನ್ನ, 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಶಸ್ತ್ರವೈದ್ಯರು ಮೆಸ್ಮರ್ ಪದ್ಧತಿಯ ನೆರವಿನಿಂದ ಭಾರಿ ಗೆಡ್ಡೆಗಳನ್ನು ತೆಗೆಯತೊಡಗಿದರು. 1846ರ ಅಕ್ಟೋಬರಿನಲ್ಲಿ ಬೋಸ್ಟನ್‌ನಲ್ಲಿ ಈಥರ್ ಪ್ರಯೋಗ ಯಶಸ್ವಿಯಾದ ಬಳಿಕ ಈ ವಿಧಾನ ಹಿನ್ನೆಲೆಗೆ ಸರಿಯಿತು.

ಆದರೂ ಅದು ಬರೀ ಭ್ರಮೆಯಾಗಿರಲಿಲ್ಲ. 1997ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಿಸಿನೀರಿನಲ್ಲಿ ಕೈಯಿಟ್ಟವರಿಗೆ ಸಮ್ಮೋಹನದಲ್ಲಿ ಯಾತನೆ ಕಡಿಮೆಯೆಂದು ಸೂಚಿಸಿದಾಗ ಅವರ ಹೇಳಿಕೆಯಷ್ಟೇ ಅಲ್ಲ, ಯಾತನೆಗೆ ಸಂಬಂಧಿಸಿದ ಮೆದುಳಿನ ಭಾಗದ ಚಟುವಟಿಕೆಯೂ ಬದಲಾಯಿತು. ಇಂದು ದಂತಚಿಕಿತ್ಸೆ, ಹೆರಿಗೆ, ದೀರ್ಘಕಾಲದ ನೋವು ಮುಂತಾದ ಸಂದರ್ಭಗಳಲ್ಲಿ ತರಬೇತಿ ಪಡೆದವರು ಇದನ್ನು ಪೂರಕ ಚಿಕಿತ್ಸೆಯಾಗಿ ಬಳಸುತ್ತಾರೆ.

ನೆನಪಿನ ಬಲೆ

ತೊಡಕು ಆರಂಭವಾಗುವುದು ನೆನಪನ್ನು ಕೆದಕಿದಾಗ. 1983ರ ಪ್ರಯೋಗವೊಂದರಲ್ಲಿ, ಸಮ್ಮೋಹನಕ್ಕೆ ಸುಲಭವಾಗಿ ಒಳಗಾಗುವ 27 ಮಂದಿಗೆ, ಕಳೆದ ವಾರದ ಒಂದು ರಾತ್ರಿ ದೊಡ್ಡ ಸದ್ದು ಕೇಳಿ ಎಚ್ಚರವಾಯಿತು ಎಂಬ ಸೂಚನೆ ನೀಡಲಾಯಿತು. ಎಚ್ಚೆತ್ತ ಬಳಿಕ ಅವರಲ್ಲಿ 13 ಮಂದಿ, ಆ ಸದ್ದು ನಿಜವಾಗಿಯೂ ಕೇಳಿಸಿತ್ತು ಎಂದೇ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಂಬಿದ್ದರು. ಸಮ್ಮೋಹನವು ನೆನಪಿನ ನಿಖರತೆಗಿಂತ ಅದರ ಮೇಲಿನ ವಿಶ್ವಾಸವನ್ನೇ ಹೆಚ್ಚಿಸಬಲ್ಲುದು.

ಪೂರ್ವಜನ್ಮ ಸ್ಮರಣೆಯ ಪ್ರಕರಣಗಳನ್ನೂ ಈ ಬೆಳಕಿನಲ್ಲೇ ನೋಡಬೇಕು. 1952ರಲ್ಲಿ ಅಮೆರಿಕದ ಗೃಹಿಣಿಯೊಬ್ಬರು ಸಮ್ಮೋಹನದಲ್ಲಿ, ಹಿಂದಿನ ಜನ್ಮದಲ್ಲಿ ತಾನು ಐರ್ಲೆಂಡಿನ ಬ್ರೈಡಿ ಮರ್ಫಿಯಾಗಿದ್ದೆ ಎಂದರು. 1956ರಲ್ಲಿ ಬಂದ ಆ ಕುರಿತ ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಪತ್ರಕರ್ತರು ಹುಡುಕಿದಾಗ ಅಂತಹ ಮಹಿಳೆ ಬದುಕಿದ್ದುದಕ್ಕೆ ದಾಖಲೆ ಸಿಗಲಿಲ್ಲ.

ನ್ಯಾಯಾಲಯದ ತೀರ್ಪು

ಅರೆಪ್ರಜ್ಞೆಯ ಮನಸ್ಸು ಸುಳ್ಳಾಡದು ಎಂಬ ನಂಬಿಕೆ ನಮ್ಮ ತನಿಖಾ ವ್ಯವಸ್ಥೆಯನ್ನೂ ಪ್ರವೇಶಿಸಿತ್ತು. 2000ರ ದಶಕದಲ್ಲಿ ಬೆಂಗಳೂರು ಮಂಪರು ಪರೀಕ್ಷೆಗಳಿಗೆ ದೇಶದಲ್ಲೇ ಹೆಸರಾಗಿತ್ತು. ಮಂಪರು ಪರೀಕ್ಷೆ ಸಮ್ಮೋಹನವಲ್ಲ. ಅಲ್ಲಿ ಸೋಡಿಯಂ ಪೆಂಟೋಥಾಲ್‌ನಂತಹ ಔಷಧವನ್ನು ನೀಡಲಾಗುತ್ತದೆ. ಆದರೆ ಸೂಚನೆಗೆ ಬಾಗುವ ಮನಸ್ಸಿನ ಸಮಸ್ಯೆ ಎರಡರಲ್ಲೂ ಒಂದೇ.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಹಾಗೂ ಮೆದುಳಿನ ಮ್ಯಾಪಿಂಗ್ ನಡೆಸುವುದು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು. ಒಪ್ಪಿಗೆಯಿದ್ದರೂ ಪರೀಕ್ಷೆಯಲ್ಲಿ ಆಡಿದ ಮಾತು ತಾನಾಗಿಯೇ ಸಾಕ್ಷ್ಯವಾಗದು, ಏಕೆಂದರೆ ಆಗ ಮಾತಿನ ಮೇಲೆ ವ್ಯಕ್ತಿಗೆ ಪ್ರಜ್ಞಾಪೂರ್ವಕ ಹತೋಟಿಯಿರುವುದಿಲ್ಲ ಎಂದೂ ಸ್ಪಷ್ಟಪಡಿಸಿತು.

ಸಮ್ಮೋಹನ ಚಿಕಿತ್ಸೆ ಬಯಸುವವರು ಮನೋವೈದ್ಯ ಅಥವಾ ಚಿಕಿತ್ಸಾ ಮನಃಶಾಸ್ತ್ರಜ್ಞರ ಬಳಿಗೇ ಹೋಗುವುದು ಕ್ಷೇಮ. ಭ್ರಮೆಯನ್ನುಂಟುಮಾಡುವ ತೀವ್ರ ಮಾನಸಿಕ ಕಾಯಿಲೆ ಇರುವವರು ಅದನ್ನು ಮೊದಲೇ ತಿಳಿಸಬೇಕು. ನೋವನ್ನೋ ಆತಂಕವನ್ನೋ ತಗ್ಗಿಸಲು ಅದರ ನೆರವು ಪಡೆಯಬಹುದು. ಆದರೆ ಆ ಸ್ಥಿತಿಯಲ್ಲಿ ಮೂಡಿದ ಒಂದು ಚಿತ್ರವನ್ನೇ ನಂಬಿ ಮನೆಯವರ ಮೇಲಾಗಲಿ, ಪರರ ಮೇಲಾಗಲಿ ದೋಷ ಹೊರಿಸುವ ಮುನ್ನ ಬೇರೆ ಪುರಾವೆ ಇದೆಯೇ ಎಂದು ನೋಡುವುದು ಅಗತ್ಯ.