ತುಳಸಿ, ಟ್ರಾಂಬೆ ಮತ್ತು ವಿಕಿರಣದ ಮದ್ದು

ಚೆಂಬೂರು, ಗೋವಂಡಿ, ಮಾನ್‌ಖುರ್ದ್ ಕಡೆ ಇರುವ ನಮ್ಮವರಿಗೆ ಟ್ರಾಂಬೆಯ ಗುಡ್ಡ ದಿನಾ ಕಾಣುವಂಥದ್ದು. ಸೋವಿಯತ್ ಒಕ್ಕೂಟ ಬಿಟ್ಟರೆ ಏಷ್ಯಾದಲ್ಲೇ ಮೊದಲ ಅಣು ರಿಯಾಕ್ಟರ್ 'ಅಪ್ಸರಾ' 1956ರ ಆಗಸ್ಟ್ 4ರಂದು ಶುರುವಾದದ್ದು ಟ್ರಾಂಬೆಯಲ್ಲೇ. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮದ್ದು ಉಂಟಾ ಮಾರಾಯ್ರೆ?" ಅಂತ ಊರಿಂದ ಬಂದವರು ನನ್ನನ್ನು ಕೇಳುವುದುಂಟು. ಆ ಮದ್ದು ಹುಡುಕಿದ ಚರಿತ್ರೆಯಲ್ಲಿ ನಮ್ಮ ಮಣಿಪಾಲಕ್ಕೂ ಒಂದು ಪುಟ ಇದೆ.

ಮೈಮೇಲೆ ವಿಪರೀತ ವಿಕಿರಣ ಬಿದ್ದರೆ ದೇಹದೊಳಗಿನ ನೀರು ಒಡೆದು ಫ್ರೀ ರ್‍ಯಾಡಿಕಲ್‌ಗಳು ಹುಟ್ಟುತ್ತವೆ, ಡಿಎನ್‌ಎ ಕೆಡುತ್ತದೆ. ದೊಡ್ಡ ಪೆಟ್ಟು ರಕ್ತ ತಯಾರಾಗುವ ಮೂಳೆಮಜ್ಜೆಗೆ. ಬಿಳಿ ರಕ್ತಕಣ ಕುಸಿದು, ಸೋಂಕು, ರಕ್ತಸ್ರಾವ ಆಗಿ ಕೆಲವೇ ವಾರಗಳಲ್ಲಿ ಜೀವ ಹೋಗಬಹುದು.

ಶೀತಲ ಸಮರದ ಕಾಲದಲ್ಲಿ ಅಮೆರಿಕದ ಸೈನ್ಯ ಸಾವಿರಾರು ರಾಸಾಯನಿಕ ಪರೀಕ್ಷಿಸಿ ಡಬ್ಲ್ಯುಆರ್-2721 ಎಂಬುದನ್ನು ಆರಿಸಿತು. ಇಲಿಗಳೇನೋ ಬದುಕಿದವು. ಮನುಷ್ಯರಿಗೆ ಮಾತ್ರ ವಾಂತಿ, ರಕ್ತದೊತ್ತಡ ಇಳಿಯುವ ಕಾಟ. ಸೈನಿಕನ ಕಿಸೆ ಸೇರಬೇಕಿದ್ದ ಮದ್ದು ಅಮಿಫೋಸ್ಟಿನ್ ಎಂಬ ಹೆಸರಲ್ಲಿ ಕ್ಯಾನ್ಸರ್ ವಾರ್ಡ್ ಸೇರಿತು.

1990ರ ದಶಕದಲ್ಲಿ ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿ ಎಲೆಯ ಸಾರವನ್ನು ಇಲಿಗಳಿಗೆ ಕೊಟ್ಟು ನೋಡಿದರು. ವಿಕಿರಣದ ನಂತರವೂ ಹೆಚ್ಚು ಇಲಿಗಳು ಉಳಿದವು. ಎಲೆಯಿಂದ ಓರಿಯೆಂಟಿನ್, ವೈಸೆನಿನ್ ಎಂಬ ಎರಡು ಅಂಶಗಳನ್ನು ಬೇರ್ಪಡಿಸಿದರು. ಡಬ್ಲ್ಯುಆರ್-2721 ಜೊತೆ ತುಳಸಿ ಸೇರಿಸಿದರೆ ಅದರ ವಿಷ ತಗ್ಗುವುದನ್ನೂ ತೋರಿಸಿದರು. ಹೆಮ್ಮೆಯ ಕೆಲಸವೇ ಸರಿ.

ಆದರೆ ಒಂದು ಮಾತು. ಆ ಇಲಿಗಳಿಗೆ ಸಾರ ಕೊಟ್ಟದ್ದು ವಿಕಿರಣ ಬೀಳುವ ಮೊದಲು. ಅವಘಡವೇನು ಹೇಳಿಕೇಳಿ ಬರುತ್ತದೆಯೇ? 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿಯಲ್ಲಿ ವಿಶ್ವವಿದ್ಯಾಲಯದ ಹಳೇ ಯಂತ್ರ ಒಡೆದಾಗ ಕೋಬಾಲ್ಟ್-60 ಹೊರಬಂದು ಒಬ್ಬರು ಸತ್ತರು. ಕೈಯಲ್ಲಿ ಹಿಡಿದದ್ದು ಏನೆಂದು ಆ ಕೆಲಸಗಾರರಿಗೆ ಗೊತ್ತೇ ಇರಲಿಲ್ಲ.

ಪೆಟ್ಟು ಬಿದ್ದ ಮೇಲೆ ಕೊಡಲು ಅಮೆರಿಕ 2015ರಲ್ಲಿ ಒಪ್ಪಿದ್ದು ಫಿಲ್‌ಗ್ರಾಸ್ಟಿಮ್ ಎಂಬ ಇಂಜೆಕ್ಷನ್. ಮಜ್ಜೆಗೆ ಬಿಳಿಕಣ ಮಾಡುವಂತೆ ಚುರುಕು ಮುಟ್ಟಿಸುವ ಈ ಮದ್ದು ಹೊಸದೇನಲ್ಲ. ಕೀಮೋ ಮಾಡಿಸಿಕೊಂಡವರಿಗೆ ವರ್ಷಗಳಿಂದ ಕೊಡುತ್ತಿರುವುದೇ. ಪರೇಲಿನ ಟಾಟಾ ಆಸ್ಪತ್ರೆಗೆ ಊರಿನ ನೆಂಟರನ್ನು ಕರೆದೊಯ್ದ ಎಷ್ಟೋ ಮುಂಬಯಿ ಕನ್ನಡಿಗರಿಗೆ ಹೆಸರು ಪರಿಚಯ ಇದ್ದೀತು. ಮಜ್ಜೆ ಪೂರ್ತಿ ಸುಟ್ಟಿದ್ದರೆ ಅದೂ ಸೋಲುತ್ತದೆ.

ಹಾಗಾಗಿ ತುಳಸಿ ಕಷಾಯ ಕುಡಿದರೆ ವಿಕಿರಣ ತಟ್ಟದು ಅಂತ ಯಾರಾದರೂ ಫಾರ್ವರ್ಡ್ ಮಾಡಿದರೆ ನಂಬಬೇಡಿ. ಮಣಿಪಾಲದವರು ಇಲಿಗಳಲ್ಲಿ ಕಂಡದ್ದು ನಿಜ. ಅದು ಕಷಾಯದ ಲೋಟದವರೆಗೆ ಬಂದಿಲ್ಲ. ಕೆಮ್ಮಿಗೆ ಬೇಕಾದರೆ ಧಾರಾಳ ಕುಡಿಯಿರಿ!